ಒಮ್ಮೆ ಏಳುತ್ತದೆ, ಒಮ್ಮೆ ಏಳುವುದಿಲ್ಲ: ಕರ್ನಲ್ ಕೂತ ಜಾಗ ನೋಡಿ ದೋಷ ಹಿಡಿಯುವುದು

ದಾವಣಗೆರೆಯ ನಮ್ಮ ಕಾಲೇಜು ಲ್ಯಾಬಿನಲ್ಲಿ 17ನೇ ಸಿಸ್ಟಂಗೆ ಒಂದು ಕೆಟ್ಟ ಹೆಸರಿತ್ತು. ಕರೆಂಟ್ ಹೋಗಿ ಬಂದ ದಿನ ಅದು ಏಳುವುದಿಲ್ಲ ಅಂತ. ಪ್ರತಿ ಸಲ ಅಲ್ಲ, ತಿಂಗಳಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಯಾವುದನ್ನು ಎಬ್ಬಿಸಬೇಕೆಂದು ಕೇಳುವ ಗ್ರಬ್ ಮೆನು ಬರುತ್ತದೆ, ಉಬುಂಟು ಆಯ್ಕೆ ಆಗುತ್ತದೆ, ಆಮೇಲೆ ಪರದೆ ಕಪ್ಪು. ರೀಸೆಟ್ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕೂರುತ್ತದೆ. "ಇದಕ್ಕೂ ಕರೆಂಟಿಗೂ ಆಗಿಬರಲ್ರೀ ಸಾರ್" ಅಂದ ಅಟೆಂಡರ್. ನನಗೂ ಹಾಗೇ ಅನ್ನಿಸಿತು. ಕರೆಂಟನ್ನು ಸಿಸ್ಟಂಗೆ ಹೊಂದಿಸಿ ಕೊಡುವ ಎಸ್‌ಎಂಪಿಎಸ್ ಸೋತಿರಬೇಕೆಂದು ಪಿ.ಜೆ. ಬಡಾವಣೆಯ ಅಂಗಡಿಯೊಂದರಿಂದ ಹೊಸದು ತಂದು ಹಾಕಿದೆ. ಮೂರು ವಾರ ಸುಮ್ಮನಿತ್ತು. ನಾಲ್ಕನೇ ವಾರ ಮತ್ತೆ ಕಪ್ಪು.

ತಪ್ಪು ಎಸ್‌ಎಂಪಿಎಸ್ಸಿನದಲ್ಲ, ಕರೆಂಟಿನದೂ ಅಲ್ಲ. ರ್‍ಯಾಮಿನಲ್ಲಿ ಒಂದು ತೂತಿತ್ತು, ಅಂದರೆ ಬರೆದದ್ದನ್ನು ಹಿಡಿದಿಡದ ಕೆಟ್ಟ ಜಾಗ. ತೂತು ಇದ್ದ ಜಾಗ ಬದಲಾಗುತ್ತಿರಲಿಲ್ಲ, ಲಿನಕ್ಸಿನ ತಿರುಳಾದ ಕರ್ನಲ್ ಕೂರುವ ಜಾಗ ಪ್ರತಿ ಬೂಟಿಗೂ ಬದಲಾಗುತ್ತಿತ್ತು. ಎರಡೂ ಒಂದೇ ಕಡೆ ಬಿದ್ದ ದಿನ ಸಿಸ್ಟಂ ಏಳುತ್ತಿರಲಿಲ್ಲ. ಕರೆಂಟ್ ನಾಲ್ಕು ಸಲ ಹೋದ ದಿನ ನಾಲ್ಕು ಸಲ ಬೂಟ್ ಆಗಬೇಕು. ಅಂದರೆ ನಾಲ್ಕು ಸಲ ಕವಡೆ ಎಸೆದಂತೆ. ಕರೆಂಟಿಗೂ ಈ ತೊಂದರೆಗೂ ಇದ್ದ ನಂಟು ಅಷ್ಟೇ. ಇದು ಹೊಳೆಯುವ ಹೊತ್ತಿಗೆ ನನಗೆ ಎರಡೂವರೆ ತಿಂಗಳು ಹಿಡಿಯಿತು. ನಿಮಗೆ ಒಂದು ಭಾನುವಾರ ಸಾಕಾಗಲಿ ಎಂದು ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಆಜ್ಞೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಕೀಬೋರ್ಡಿನಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿಕೊಳ್ಳಿ.

ಯಾವ ಲಕ್ಷಣ ಕಂಡರೆ ಈ ದಾರಿ ಹಿಡಿಯಬೇಕು

ಮುಖ್ಯ ಲಕ್ಷಣ ಒಂದೇ: ಏನನ್ನೂ ಬದಲಿಸದಿದ್ದರೂ ಒಂದು ಬೂಟಿಗೂ ಇನ್ನೊಂದಕ್ಕೂ ನಡವಳಿಕೆ ಬೇರೆಯಾಗಿರುವುದು. ಡಿಸ್ಕಿನಲ್ಲಿ ಕರ್ನಲ್ ಕಡತ ಕೆಟ್ಟಿದ್ದರೆ ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತದೆ. ಡ್ರೈವರ್ ಹೊಂದದಿದ್ದರೂ ಅಷ್ಟೇ. ಇಲ್ಲಿ ಹಾಗಲ್ಲ. ಒಮ್ಮೆ ಕಪ್ಪು ಪರದೆ, ಇನ್ನೊಮ್ಮೆ ಅರ್ಧ ದಾರಿಯಲ್ಲಿ ಕರ್ನಲ್ ಪ್ಯಾನಿಕ್ (ಕರ್ನಲ್ ಕೈಚೆಲ್ಲಿ ನಿಂತಿತೆಂಬ ಸಂದೇಶ), ಮತ್ತೊಮ್ಮೆ ಬೂಟಿನ ಶುರುವಿಗೆ ಬೇಕಾದ ಕಡತಗಳ ಕಟ್ಟಾದ ಇನಿಟ್‌ರ್‍ಯಾಮ್‌ಎಫ್‌ಎಸ್ ಬಿಚ್ಚಲಾಗಲಿಲ್ಲ ಎಂಬ ಸಂದೇಶ, ಉಳಿದ ದಿನಗಳಲ್ಲಿ ಎಲ್ಲವೂ ಸರಿ.

ಎರಡನೆಯ ಸುಳಿವನ್ನು ನಾನು ಕಣ್ಣೆದುರಿಗೇ ಇಟ್ಟುಕೊಂಡು ಬಿಟ್ಟುಬಿಟ್ಟೆ. ಡೇಟಾ ಸ್ಟ್ರಕ್ಚರ್ ಲ್ಯಾಬಿನಲ್ಲಿ 17ರ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಬಂದು "ಸಾರ್, ಲಿಂಕ್ಡ್ ಲಿಸ್ಟ್ ಓಡ್ತಾ ಇತ್ತು, ಈಗ ಸೆಗ್‌ಮೆಂಟೇಷನ್ ಫಾಲ್ಟ್ ಅಂತಿದೆ, ನಾನೇನೂ ಮುಟ್ಟಿಲ್ಲ" ಅಂದಳು. ಹೀಗೆ ಹೇಳುವವರು ದಿನಕ್ಕೆ ಹತ್ತು ಜನ. "ಪಾಯಿಂಟರ್ ತಪ್ಪಿರುತ್ತೆ ನೋಡಮ್ಮ" ಅಂದು ಕಳಿಸಿದೆ. ಪಾಪ, ಇಡೀ ಗಂಟೆ ಪಾಯಿಂಟರ್ ತಿದ್ದಿದಳು. ಅವಳ ಪಾಯಿಂಟರ್ ಸರಿಯಾಗಿಯೇ ಇತ್ತು. ಅದೇ ವಾರ ಇನ್ನೊಬ್ಬನಿಗೆ ಸಿ ಕಂಪೈಲರ್ ಆದ ಜಿಸಿಸಿಯೇ ಬಿದ್ದು ಕಂಪೈಲರಿನ ಒಳದೋಷ ಅನ್ನುವ ಸಂದೇಶ ಬಂತು. ವಿದ್ಯಾರ್ಥಿಯ ಪ್ರೋಗ್ರಾಂ ಬೀಳುವುದು ಸಹಜ, ಕಂಪೈಲರ್ ಬೀಳುವುದು ಸಹಜವಲ್ಲ. ಜಿಸಿಸಿ ಒಮ್ಮೆ ಬಿದ್ದು, ಅದೇ ಕಡತವನ್ನು ಮರುಕ್ಷಣ ಸರಿಯಾಗಿ ಕಂಪೈಲ್ ಮಾಡಿದರೆ ಮೊದಲು ರ್‍ಯಾಮಿನ ಮೇಲೆ ಅನುಮಾನ ಪಡಿ. ಲಿನಕ್ಸ್ ಜನರಲ್ಲಿ ಇದು ಹಳೆಯ ಅನುಭವ.

ಕರ್ನಲ್ ಎಲ್ಲಿ ಕೂರುತ್ತದೆ

ಇಲ್ಲಿ ಸ್ವಲ್ಪ ನಿಲ್ಲೋಣ. ಇದು ತಿಳಿಯದಿದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ.

ದಾವಣಗೆರೆಯಿಂದ ಹರಪನಹಳ್ಳಿಗೆ ಹೊರಟ ಬಸ್ಸು ನೆನಪಿಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಬಿದ್ದಿರುತ್ತದೆ. ಸೀಟು ಖಾಲಿ ಕಂಡರೂ ಕೂರುವ ಹಾಗಿಲ್ಲ. ಭೌತಿಕ ಮೆಮೊರಿಯೂ ಹೀಗೇ. ಕರ್ನಲ್ ಬರುವ ಮೊದಲೇ, ಮದರ್‌ಬೋರ್ಡಿನಲ್ಲೇ ಇರುವ ಬಯಾಸ್ ಅಥವಾ ಯುಇಎಫ್‌ಐ ಎಂಬ ಫರ್ಮ್‌ವೇರ್ ಕೆಲವು ಕಡೆ ಟವೆಲ್ ಹಾಕಿರುತ್ತದೆ. ಪಿಸಿಯಲ್ಲಿ ಮೊದಲ ಮೆಗಾಬೈಟ್ ಅಂತೂ ಹಳೆಯ ಕಾಲದ ಹಕ್ಕುದಾರರಿಂದ ತುಂಬಿದೆ: ತಳದ 1 ಕಿಲೋಬೈಟಿನಲ್ಲಿ ಇಂಟರಪ್ಟ್ ಪಟ್ಟಿ, ಅದರ ಮೇಲೆ ಬಯಾಸ್ ಇಟ್ಟುಕೊಂಡ ಲೆಕ್ಕ, 640 ಕಿಲೋಬೈಟಿನಿಂದ 1 ಮೆಗಾಬೈಟಿನವರೆಗೆ ವಿಡಿಯೊ ಮತ್ತು ಓದಲು ಮಾತ್ರ ಬರುವ ರೋಮ್ ಚಿಪ್ಪುಗಳು. ಅದಕ್ಕೇ ಹಿಂದೆ ದೊಡ್ಡ ಲಿನಕ್ಸ್ ಕರ್ನಲ್ ಅನ್ನು 1 ಮೆಗಾಬೈಟ್ ದಾಟಿಸಿ ಇಡುವ ಏರ್ಪಾಡು ಬಂತು. ಬೀಝಡ್‌ಇಮೇಜ್ ಎಂಬ ಕಡತದ ಹೆಸರಿನ ಮುಂದಿರುವ "ಬಿ" ಆ ದೊಡ್ಡದರ ಗುರುತು. ಅದನ್ನು ಬಿಝಿಪ್ ಅಂದುಕೊಂಡವರು ಬಹಳ, ಒಂದು ಕಾಲಕ್ಕೆ ನಾನೂ.

64 ಬಿಟ್‌ನ ಈಗಿನ ಲಿನಕ್ಸಿನಲ್ಲಿ ಕರ್ನಲ್ ಕೂರಬೇಕೆಂದು ಬರೆದಿಟ್ಟಿರುವ ಮೂಲ ಜಾಗ 16 ಮೆಗಾಬೈಟ್. ಹೆಕ್ಸ್‌ನಲ್ಲಿ ಒಂದರ ಮುಂದೆ ಆರು ಸೊನ್ನೆ. ಹಳೆಯ ಐಎಸ್‌ಎ ಸಾಧನಗಳಿಗೆ 24 ಬಿಟ್ಟಿನ ವಿಳಾಸ ಮಾತ್ರ ಎಟುಕುತ್ತಿತ್ತು, ಅಂದರೆ ಮೊದಲ 16 ಮೆಗಾಬೈಟ್. ಬೇರೆಲ್ಲೂ ಕೂರಲಾಗದವರ ಆ ಜಾಗವನ್ನು ಕರ್ನಲ್ ತಾನು ಆಕ್ರಮಿಸುವುದಿಲ್ಲ. ಜೊತೆಗೆ ಅದು ಎಲ್ಲಿ ಕೂತರೂ 2 ಮೆಗಾಬೈಟಿನ ಗಡಿಗೆ ಸರಿಯಾಗಿ ಕೂರುತ್ತದೆ, ಏಕೆಂದರೆ ಮೆಮೊರಿಯನ್ನು ಹಂಚುವ ತುಂಡುಗಳಾದ ಪುಟಗಳಲ್ಲಿ ದೊಡ್ಡ ಪುಟದ ಅಳತೆ ಅದು.

ಇಷ್ಟೇ ಆಗಿದ್ದರೆ 17ನೇ ಸಿಸ್ಟಂ ದಿನವೂ ಒಂದೇ ರೀತಿ ನಡೆದುಕೊಳ್ಳುತ್ತಿತ್ತು. ಆದರೆ 2014ರಲ್ಲಿ ಬಂದ 3.14ನೇ ಆವೃತ್ತಿಯಿಂದ ಎಕ್ಸ್86 ಲಿನಕ್ಸಿಗೆ ಕೆಎಎಸ್‌ಎಲ್‌ಆರ್ ಬಂತು. ದಾಳಿಕೋರರಿಗೆ ಕರ್ನಲ್ಲಿನ ವಿಳಾಸ ಮುಂಚೆಯೇ ಗೊತ್ತಾಗಬಾರದೆಂದು ಪ್ರತಿ ಬೂಟಿನಲ್ಲೂ ಅದನ್ನು ಬೇರೆ ಕಡೆ ಕೂರಿಸುವ ಏರ್ಪಾಡು ಇದು. 2017ರ 4.12ರಿಂದ ಅದು ಕೇಳದೆಯೇ ಚಾಲೂ ಇರುತ್ತದೆ. ಒತ್ತಿ ತುಂಬಿದ ಕರ್ನಲ್ ಬಿಚ್ಚಿಕೊಳ್ಳುವ ಮುನ್ನ, ಅದರ ಮೂತಿಯಲ್ಲಿರುವ ಚಿಕ್ಕ ಪ್ರೋಗ್ರಾಂ ಫರ್ಮ್‌ವೇರ್ ಕೊಟ್ಟ ನಕ್ಷೆ ನೋಡಿ, ಟವೆಲ್ ಇಲ್ಲದ ಜಾಗಗಳನ್ನು 2 ಮೆಗಾಬೈಟಿನ ಲೆಕ್ಕದಲ್ಲಿ ಎಣಿಸಿ, ಚೀಟಿ ಎತ್ತಿ ಒಂದನ್ನು ಆರಿಸುತ್ತದೆ. ಆ ನಕ್ಷೆಯಲ್ಲಿ ಯಾವ ಸೀಟು ಖಾಲಿ ಎಂದಿರುತ್ತದೆಯೇ ಹೊರತು ಯಾವ ಸೀಟು ಮುರಿದಿದೆ ಎಂದಿರುವುದಿಲ್ಲ.

ಒಮ್ಮೆ ಕೂತರೆ ಅದು ಏಳುವ ಜಾತಿಯಲ್ಲ. ಫೈರ್‌ಫಾಕ್ಸಿನ ಪುಟವನ್ನು ಕರ್ನಲ್ ಇನ್ನೊಂದು ಕಡೆ ಸರಿಸಬಹುದು, ಡಿಸ್ಕಿಗೆ ತಳ್ಳಬಹುದು. ತನ್ನದೇ ಕೋಡ್ ಇರುವ ಪುಟವನ್ನು ಸಿಸ್ಟಂ ಆಫ್ ಆಗುವವರೆಗೆ ಅಲ್ಲೇ ಇಟ್ಟುಕೊಂಡಿರುತ್ತದೆ. ಆದ್ದರಿಂದ ಮೆಮೊರಿಯ ಕೆಟ್ಟ ಕೋಶ (ಒಂದು ಬಿಟ್ ಹಿಡಿದಿಡುವ ಗೂಡು) ಸಾಮಾನ್ಯ ಪ್ರೋಗ್ರಾಂಗೆ ಸಿಕ್ಕರೆ ಬೀಳುವುದು ಆ ಪ್ರೋಗ್ರಾಂ ಒಂದೇ, ಕರ್ನಲ್ಲಿಗೆ ಸಿಕ್ಕರೆ ಇಡೀ ಸಿಸ್ಟಂ.

ಇವತ್ತು ಎಲ್ಲಿ ಕೂತಿದೆ ನೋಡುವುದು

ಸಿಸ್ಟಂ ಚೆನ್ನಾಗಿ ಎದ್ದಿರುವಾಗ ಟರ್ಮಿನಲ್ ತೆರೆದು ಪ್ರಾಕ್ ಫೋಲ್ಡರಿನೊಳಗಿನ ಐಒಮೆಮ್ ಕಡತ ಓದಿ. ಸುಡೊ ಹಾಕಿ, ಅಂದರೆ ನಿರ್ವಾಹಕನ ಹಕ್ಕಿನಲ್ಲಿ ಓದಬೇಕು. ಸಾಮಾನ್ಯ ಬಳಕೆದಾರನಾಗಿ ಓದಿದರೆ ಎಲ್ಲ ವಿಳಾಸಗಳೂ ಸೊನ್ನೆ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ತಿಳಿಯಬೇಡಿ, ಅದೂ ವಿಳಾಸ ಮುಚ್ಚಿಡುವ ಅದೇ ಏರ್ಪಾಡಿನ ಭಾಗ.

ಅದರಲ್ಲಿ ಸಿಸ್ಟಂ ರ್‍ಯಾಮ್ ಎಂಬ ಸಾಲುಗಳಿರುತ್ತವೆ. ಅವುಗಳಲ್ಲಿ ಒಂದರ ಕೆಳಗೆ ಸ್ವಲ್ಪ ಒಳಸರಿದು ಕರ್ನಲ್ ಕೋಡ್, ಕರ್ನಲ್ ಆರ್‌ಒಡೇಟಾ, ಕರ್ನಲ್ ಡೇಟಾ, ಕರ್ನಲ್ ಬಿಎಸ್‌ಎಸ್ ಎಂಬ ಸಾಲುಗಳು. ಕರ್ನಲ್ ಕೋಡ್‌ನ ಮೊದಲ ಅಂಕಿಯೇ ಇವತ್ತಿನ ಸೀಟು. ಬಿಎಸ್‌ಎಸ್‌ನ ಕೊನೆಯ ಅಂಕಿ ಅದು ಚಾಚಿರುವ ತುದಿ. ನಮ್ಮ ಸಿಸ್ಟಂನಲ್ಲಿ ಆ ಉದ್ದ ಸುಮಾರು 50 ಮೆಗಾಬೈಟ್ ಇತ್ತು. ಹೆಕ್ಸ್ ಅಂಕಿಯ ಕೊನೆಯ ಐದು ಸ್ಥಾನ ಬಿಟ್ಟು ಉಳಿದದ್ದನ್ನು ದಶಮಾನಕ್ಕೆ ತಂದರೆ ಅದೇ ಮೆಗಾಬೈಟ್. 23500000 ಅಂದರೆ 235, ಅಂದರೆ ಎರಡು 256, ಮೂರು 16, ಐದು, ಒಟ್ಟು 565. ಬೂಟ್ ಲಾಗಿನಲ್ಲಿ ಬಯಾಸ್-ಇ820 ಎಂದು ಶುರುವಾಗುವ ಸಾಲುಗಳು ಫರ್ಮ್‌ವೇರ್ ಕೊಟ್ಟ ನಕ್ಷೆ, ರ್‍ಯಾಮ್‌ಡಿಸ್ಕ್ ಎಂಬ ಸಾಲು ಇನಿಟ್‌ಆರ್‌ಡಿ ಕೂತ ಜಾಗ. ಮೇಲೆ ಹೇಳಿದ ಕಡತಗಳ ಕಟ್ಟೇ ಈ ಇನಿಟ್‌ಆರ್‌ಡಿ, ಆ ಜಾಗವನ್ನೂ ಬರೆದುಕೊಳ್ಳಿ. ಸಿಸ್ಟಂ ಸಾಯುವುದು ಇನಿಟ್‌ರ್‍ಯಾಮ್‌ಎಫ್‌ಎಸ್ ಬಿಚ್ಚುವಾಗ ಆದರೆ ತೂತಿನ ಮೇಲೆ ಕೂತದ್ದು ಅದು, ಕರ್ನಲ್ ಅಲ್ಲ.

ಇಲ್ಲೊಂದು ಬಲೆ ಇದೆ. ನಾನು ಬಿದ್ದಿದ್ದೇನೆ, ಆದ್ದರಿಂದ ಹೇಳುತ್ತೇನೆ. ಪ್ಯಾನಿಕ್ ಆದಾಗ ಪರದೆಯ ಕೆಳಗೆ ಕರ್ನಲ್ ಆಫ್‌ಸೆಟ್ ಎಂದು ಒಂದು ಅಂಕಿ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ರ್‍ಯಾಮಿನ ಜಾಗ ಸಿಕ್ಕಿಬಿಟ್ಟಿತು ಅಂತ ಹಿಗ್ಗಿದ್ದೆ. ಅದು ವರ್ಚುವಲ್ ವಿಳಾಸ, ಅಂದರೆ ಪ್ರೋಗ್ರಾಂಗಳಿಗೆ ಕಾಣುವ ವಿಳಾಸ, ಎಷ್ಟು ಸರಿದಿದೆ ಎಂಬುದರ ಅಂಕಿ, ಭೌತಿಕ ವಿಳಾಸದ್ದಲ್ಲ. 2016ರ 4.8ರಿಂದ 64 ಬಿಟ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಚೀಟಿ ಎತ್ತುತ್ತಾರೆ. ಆಧಾರ್ ಕಾರ್ಡಿನಲ್ಲಿರುವ ವಿಳಾಸ ಒಂದು, ಮನುಷ್ಯ ವಾಸವಿರುವ ಬಾಡಿಗೆ ಮನೆ ಇನ್ನೊಂದು. ಕಾರ್ಡು ಹಿಡಿದು ಹುಡುಕಿದರೆ ಅವನು ಸಿಗುವುದಿಲ್ಲ.

ಸೀಟು ಅಲುಗದಂತೆ ಮಾಡಿ ನೋಡಿ

ಅನುಮಾನ ಗಟ್ಟಿ ಮಾಡಿಕೊಳ್ಳಲು ಕಾಸಿಲ್ಲದ ಪರೀಕ್ಷೆ ಇದು. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್‌ಐ ಇದ್ದರೆ ಎಸ್ಕೇಪ್. ಗ್ರಬ್ ಮೆನುವಿನಲ್ಲಿ ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಕ್ವೈಟ್ ಮತ್ತು ಸ್ಪ್ಲ್ಯಾಶ್ ಅಳಿಸಿ, ನೋಕೆಎಎಸ್‌ಎಲ್‌ಆರ್ ಎಂದು ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟಿಗೆ ಮಾತ್ರ. ಈಗ ಕರ್ನಲ್ ಸಾಮಾನ್ಯವಾಗಿ ತನ್ನ ಹಳೆಯ 16 ಮೆಗಾಬೈಟಿನ ಜಾಗದಲ್ಲೇ ಕೂರುತ್ತದೆ. ಐಒಮೆಮ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಹೀಗೆ ಹತ್ತಾರು ಸಲ ಬೂಟ್ ಮಾಡಿ. ತೊಂದರೆ ಪೂರ್ತಿ ನಿಂತುಹೋದರೆ ತೂತು ಬೇರೆಲ್ಲೋ ಇದೆ, 16ರಿಂದ 66 ಮೆಗಾಬೈಟಿನೊಳಗಿಲ್ಲ. ಪ್ರತಿ ಸಲವೂ ಬೀಳಲು ಶುರುವಾದರೆ ತೂತು ಅಲ್ಲೇ ಇದೆ. ಎರಡೂ ಒಳ್ಳೆಯ ಸುದ್ದಿಯೇ, ಏಕೆಂದರೆ ಚಂಚಲ ದೋಷ ಈಗ ನಿಂತ ದೋಷವಾಯಿತು. ಮೊದಲಿನ ಹಾಗೆ ಆಗೊಮ್ಮೆ ಈಗೊಮ್ಮೆ ಬೀಳುವುದು ಮುಂದುವರಿದರೆ ಮಾತ್ರ ಈ ಕೈಪಿಡಿ ಪಕ್ಕಕ್ಕಿಟ್ಟು ಎಸ್‌ಎಂಪಿಎಸ್, ಉಬ್ಬಿದ ಕೆಪಾಸಿಟರ್, ಸಡಿಲ ಕೇಬಲ್ ಕಡೆ ಹೋಗಿ.

ನಮ್ಮದು 40 ಬೂಟಿನಲ್ಲಿ ಒಮ್ಮೆಯೂ ಬೀಳಲಿಲ್ಲ. ಇದನ್ನೇ ಪರಿಹಾರ ಅಂದುಕೊಂಡು ಗ್ರಬ್ಬಿನಲ್ಲಿ ಕಾಯಂ ಮಾಡಿಬಿಡುವ ಆಸೆ ಬರುತ್ತದೆ. ಬೇಡ. ತೂತು ಮುಚ್ಚಿಲ್ಲ, ಕರ್ನಲ್ ಅದರಿಂದ ದೂರ ಕೂತಿದೆ ಅಷ್ಟೇ. ಆ ಪುಟಗಳನ್ನು ಈಗ ಅದು ವಿದ್ಯಾರ್ಥಿಗಳ ಪ್ರೋಗ್ರಾಂಗಳಿಗೆ ಹಂಚುತ್ತದೆ. ಕೆಟ್ಟ ಪುಟದಲ್ಲಿ ಫೈಲಿನ ಒಂದು ತುಣುಕು ಕ್ಯಾಷ್ ಆಗಿ ಕೂತರೆ, ಅದನ್ನು ಓದಿ, ತಿದ್ದಿ, ಮತ್ತೆ ಡಿಸ್ಕಿಗೆ ಬರೆದಾಗ ಆ ತಪ್ಪು ಕಾಯಂ ಆಗಿ ಡಿಸ್ಕಿಗೇ ಹೋಗುತ್ತದೆ. ಏಳದ ಸಿಸ್ಟಂಗಿಂತ ಎದ್ದು ಸುಳ್ಳು ಬರೆಯುವ ಸಿಸ್ಟಂ ಅಪಾಯ.

ಒಂದು ಭಾನುವಾರ, 120 ಬೂಟು

ಮೆಮ್‌ಟೆಸ್ಟ್ (ರ್‍ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಮೊದಲೇ ಹಾಕಬಹುದಿತ್ತು. ಹಾಕಿದ್ದೆ ಕೂಡ, ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಸುತ್ತು. ಯಾವ ದೋಷವೂ ಇಲ್ಲ ಅಂದಿತ್ತು. ಅದು ಏಕೆ ಸುಳ್ಳಾಯಿತೆಂದು ಮುಂದೆ ಹೇಳುತ್ತೇನೆ. ಆ ಫಲಿತಾಂಶ ನಂಬಿದ್ದರಿಂದಲೇ ನಾನು ಉದ್ದದ ದಾರಿ ಹಿಡಿದೆ.

ನೋಕೆಎಎಸ್‌ಎಲ್‌ಆರ್ ತೆಗೆದೆ. ಸಿಸ್ಟಂ ಎದ್ದ ಕೂಡಲೇ ರೂಟ್ ಹೆಸರಿನಲ್ಲಿ ಓಡುವಂತೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನಿನಲ್ಲಿ ಒಂದು ಸಾಲು ಹಾಕಿದೆ: ಐಒಮೆಮ್‌ನಿಂದ ಕರ್ನಲ್ ಕೋಡ್ ಸಾಲು ತೆಗೆದು, ಹೊತ್ತಿನೊಂದಿಗೆ ಒಂದು ಕಡತಕ್ಕೆ ಸೇರಿಸಿ, ಬರೆದದ್ದು ಡಿಸ್ಕಿಗೆ ಇಳಿಯಲೆಂದು ಸಿಂಕ್ ಕೊಟ್ಟು, ಮತ್ತೆ ರೀಬೂಟ್ ಮಾಡು. ಹೀಗೆ ಮಾಡುವವರು ಮೊದಲು ಈ ಸರಪಳಿ ಮುರಿಯುವ ದಾರಿ ಇಟ್ಟುಕೊಳ್ಳಿ. ನಾನು ಯುಎಸ್‌ಬಿ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ರೀಬೂಟ್ ಮಾಡಬೇಡ ಎಂಬ ಷರತ್ತು ಹಾಕಿದ್ದೆ. ಇಲ್ಲದಿದ್ದರೆ ಅದು ನಿಮ್ಮ ಕೈಗೇ ಸಿಗುವುದಿಲ್ಲ.

ಭಾನುವಾರ ಲ್ಯಾಬ್ ಖಾಲಿ. ಪೊಟ್ಟಣದಲ್ಲಿ ಮಂಡಕ್ಕಿ, ಎರಡು ಮಿರ್ಚಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಕಪ್ಪಾಗಿ ನಿಂತಾಗ ರೀಸೆಟ್ ಒತ್ತುವುದಷ್ಟೇ ನನ್ನ ಕೆಲಸ. 120 ಯತ್ನದಲ್ಲಿ ಐದು ಸಲ ಒತ್ತಬೇಕಾಯಿತು. ಕಡತದಲ್ಲಿ 115 ಸಾಲು.

ಮೊದಲು ಬೇಸರವಾಯಿತು. ಬಿದ್ದ ಐದು ಬೂಟಿನ ವಿಳಾಸ ತಾನೇ ನನಗೆ ಬೇಕಿದ್ದದ್ದು? ಬಿದ್ದವು ಏನನ್ನೂ ಬರೆಯದೆ ಹೋಗಿವೆ, ಎದ್ದವು ಮಾತ್ರ ಹಾಜರಿ ಹಾಕಿವೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹುಡುಕುವುದು ನನ್ನ ದಿನದ ಕೆಲಸವೇ ಅಲ್ಲವೇ ಅನ್ನಿಸಿತು. 115 ವಿಳಾಸಗಳನ್ನು ಏರಿಕೆ ಕ್ರಮದಲ್ಲಿ ಇಟ್ಟೆ. ಒಟ್ಟು 2 ಗಿಗಾಬೈಟ್ ರ್‍ಯಾಮ್, ಅದರಲ್ಲಿ ಒಂದಿಷ್ಟು ಗ್ರಾಫಿಕ್ಸಿಗೆ ಹೋಗುತ್ತದೆ. ಉಳಿದದ್ದರಲ್ಲಿ ಸರಾಸರಿ 16 ಮೆಗಾಬೈಟಿಗೊಂದು ಗುರುತು ಇರಬೇಕು, ಇತ್ತು ಕೂಡ. ಆದರೆ 506ರ ನಂತರ 520ರಲ್ಲಿ ಒಂದೇ ಒಂದು, ಅಲ್ಲಿಂದ ನೇರ 594. ನಡುವೆ 74 ಮೆಗಾಬೈಟ್ ಮೈದಾನ.

520ರಲ್ಲಿ ಕೂತದ್ದು ಹೇಗೆ ಬದುಕಿತು? 520ರಿಂದ 50 ಸೇರಿಸಿದರೆ 570. ತೂತಿನ ಅಂಚಿಗೆ ತಾಗಿದ್ದು ಅದರ ಬಾಲ ಮಾತ್ರ, ಆ ಬೂಟಿನಲ್ಲಿ ಆ ಬಾಲಕ್ಕೆ ಕೆಲಸ ಬಿದ್ದಿಲ್ಲ. ಕರ್ನಲ್ ದೊಡ್ಡದು, ಅದರಲ್ಲಿ ಎಷ್ಟೋ ಭಾಗ ನಮ್ಮ ಸಿಸ್ಟಂನಲ್ಲಿ ಇಲ್ಲದ ಸಾಧನಗಳಿಗಾಗಿ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯ ಅಂಚು ಗೆರೆ ಎಳೆದಂತೆ ಸಿಗುವುದಿಲ್ಲ. ಒಂದೆರಡು ಗುರುತು ಮೈದಾನದೊಳಗೆ ಬಿದ್ದರೆ ಸಿದ್ಧಾಂತವೇ ಸುಳ್ಳು ಅಂದುಕೊಳ್ಳಬೇಡಿ. ಒಂಟಿ 520 ಬಿಟ್ಟು ನೋಡಿದರೆ 506ರಿಂದ 594ರವರೆಗೆ ಮೈದಾನದ ಅಗಲ 88, ಅದರಲ್ಲಿ ಕರ್ನಲ್ಲಿನ ಉದ್ದ 50 ಕಳೆದರೆ ತೂತಿನ ಅಗಲದ ಅಂದಾಜು: ಹೆಚ್ಚೆಂದರೆ 38 ಮೆಗಾಬೈಟ್, ಎಲ್ಲೋ 556ರಿಂದ 594ರ ನಡುವೆ.

ಮೆಮ್‌ಟೆಸ್ಟ್ ಹಾಕುವ ರೀತಿ

ಈಗ ಮೆಮ್‌ಟೆಸ್ಟ್86+ ಮತ್ತೆ ಹಾಕಿದೆ, ಈ ಸಲ ಮಧ್ಯಾಹ್ನ ಮೂರಕ್ಕೆ. ಏಪ್ರಿಲ್ ತಿಂಗಳು, ಮೇಲೆ ಆರ್‌ಸಿಸಿ ಚಾವಣಿ. ಮೊದಲ ಸಲ ನಾನು ಮಾಡಿದ ತಪ್ಪು ಏನೆಂದರೆ, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿಟ್ಟು, ಫ್ಯಾನಿನ ಕೆಳಗೆ ಇಟ್ಟುಕೊಂಡು ಪರೀಕ್ಷೆ ಮಾಡಿದ್ದು. ಡಿರ್‍ಯಾಮಿನ ಪ್ರತಿ ಕೋಶವೂ ಸೋರುವ ಬಿಂದಿಗೆ. ಸಾಮಾನ್ಯ ಬಿಸಿಯಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಿಸುತ್ತಿರಬೇಕು. ಬಿಸಿ ಏರಿದಂತೆ ಸೋರಿಕೆ ಜೋರಾಗುತ್ತದೆ, 85 ಡಿಗ್ರಿ ದಾಟಿದರೆ ಅವಧಿಯನ್ನು 32ಕ್ಕೆ ಇಳಿಸಬೇಕೆಂದೇ ನಿಯಮ. ದುರ್ಬಲ ಕೋಶ ತಂಪಿನಲ್ಲಿ ಹೇಗೋ ಹಿಡಿದುಕೊಳ್ಳುತ್ತದೆ, ಬಿಸಿಯಲ್ಲಿ ಮುಂದಿನ ಸುತ್ತು ಬರುವಷ್ಟರಲ್ಲಿ ಖಾಲಿ. ಆದ್ದರಿಂದ ತಗಡು ಮುಚ್ಚಿ, ಮಕ್ಕಳು ಕೂತು ಕೆಲಸ ಮಾಡುವಾಗ ಸಿಸ್ಟಂ ಹೇಗಿರುತ್ತದೋ ಹಾಗೇ ಇಟ್ಟು, ಕನಿಷ್ಠ ನಾಲ್ಕು ಸುತ್ತು ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು, ನಮ್ಮೂರಲ್ಲಾದರೆ ಮಧ್ಯಾಹ್ನವಿಡೀ.

ಎರಡನೇ ಸುತ್ತಿನಲ್ಲಿ ಕೆಂಪು ಸಾಲುಗಳು ಸುರಿಯತೊಡಗಿದವು. ಮೊದಲನೆಯದು 23518040. ಎಲ್ಲವೂ 565ರಿಂದ 585 ಮೆಗಾಬೈಟಿನ ನಡುವೆ. ಮೈದಾನದ ಲೆಕ್ಕಕ್ಕೆ ಸರಿಯಾಗಿ ಕೂತಿತು. ಅಟೆಂಡರನ್ನು ಕರೆದು ತೋರಿಸಿದೆ. "ಹಂಗಾದ್ರೆ ಎಸ್‌ಎಂಪಿಎಸ್ ದುಡ್ಡು ಹೋತಲ್ರೀ" ಅಂದ.

ಯುಇಎಫ್‌ಐ ಸಿಸ್ಟಂಗಳಲ್ಲಿ ಹಳೆಯ ಮೆಮ್‌ಟೆಸ್ಟ್86+ ಏಳುವುದೇ ಇಲ್ಲ, 6ನೇ ಆವೃತ್ತಿ ಅಥವಾ ಅದರ ನಂತರದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಕರ್ನಲ್ಲಿಗೇ ಮೆಮ್‌ಟೆಸ್ಟ್=4 ಎಂದು ಕೊಡುವ ಸೌಲಭ್ಯವೂ ಇದೆ. ಬೂಟ್ ಆಗುವಾಗಲೇ ರ್‍ಯಾಮ್ ತಡವಿ ನೋಡಿ, ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಅದು ನೋಡುವುದು ಖಾಲಿ ಇರುವ ಜಾಗ ಮಾತ್ರ. ಆ ಹೊತ್ತಿಗೆ ತಾನು ಕೂತಿರುವ ಜಾಗವನ್ನು ಅದು ಪರೀಕ್ಷಿಸುವಂತಿಲ್ಲ. ದೀಪದ ಬುಡ ಕತ್ತಲೆ. ಲಿನಕ್ಸ್ ಎದ್ದ ಮೇಲೆ ಓಡಿಸುವ ಮೆಮ್‌ಟೆಸ್ಟರ್‌ನಂಥ ಪ್ರೋಗ್ರಾಂಗಳದ್ದೂ ಇದೇ ಹಣೆಬರಹ. ಮೆಮ್‌ಟೆಸ್ಟ್86+ ಇದನ್ನು ತಪ್ಪಿಸಲು, ಕೆಲಸದ ನಡುವೆ ಎದ್ದು ಬೇರೆ ಕಡೆ ಕೂತು, ತಾನು ಕೂತಿದ್ದ ಜಾಗವನ್ನೂ ನೋಡಿಕೊಂಡು ಬರುತ್ತದೆ.

ಸ್ಟಿಕ್ಕೋ ಸ್ಲಾಟೋ

ಕೆಂಪು ಸಾಲು ಕಂಡ ಕೂಡಲೇ ಹೊಸ ರ್‍ಯಾಮ್ ತರಲು ಓಡಬೇಡಿ. ಪವರ್ ಕೇಬಲ್ ಕಿತ್ತು, ಸ್ಟಿಕ್ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕಟ್ ಎನ್ನುವವರೆಗೆ ಒತ್ತಿ. ನಮ್ಮ ಕಡೆಯ ಧೂಳಿಗೆ ಅರ್ಧ ದೂರುಗಳು ಇಷ್ಟಕ್ಕೇ ಮುಗಿಯುತ್ತವೆ. ಆಮೇಲೂ ದೋಷ ಬಂದರೆ ಬೇರೆ ಸ್ಲಾಟಿಗೆ ಹಾಕಿ. ಅದೇ ವಿಳಾಸಗಳು ಮತ್ತೆ ಕಂಡರೆ ಸ್ಟಿಕ್ಕಿನ ತಪ್ಪು, ಕಾಣದಿದ್ದರೆ ಸ್ಲಾಟಿನದು. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಎರಡೂ ಒಟ್ಟಿಗಿದ್ದಾಗ ವಿಳಾಸಗಳು ಎರಡಕ್ಕೂ ಹೆಣೆದುಕೊಂಡಿರುತ್ತವೆ, 565 ಅಂದರೆ ಮೊದಲನೆಯ ಸ್ಟಿಕ್ಕು ಎಂದು ಹೇಳಲು ಬರುವುದಿಲ್ಲ. ನಮ್ಮದು ಒಂದೇ ಡಿಡಿಆರ್3 ಸ್ಟಿಕ್, ಎರಡು ಸ್ಲಾಟಿನಲ್ಲೂ ಅದೇ ವಿಳಾಸ.

ಹೊಸದು ಬರುವವರೆಗೆ ಟವೆಲ್

ಪ್ರಾಯೋಗಿಕ ಪರೀಕ್ಷೆಗೆ ಆರು ದಿನ ಇತ್ತು, ಇಂಡೆಂಟ್ ಹಾಕಿ ರ್‍ಯಾಮ್ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಹಾಗಾಗಿ ಮುರಿದ ಸೀಟಿನ ಮೇಲೆ ನಾವೇ ಟವೆಲ್ ಹಾಕಿದೆವು. ಅದಕ್ಕೆ ಕರ್ನಲ್ಲಿನ ಮೆಮ್‌ಮ್ಯಾಪ್ ಎಂಬ ನಿಯತಾಂಕ ಇದೆ: ಅಳತೆ, ಡಾಲರ್ ಚಿಹ್ನೆ, ಶುರುವಿನ ವಿಳಾಸ. 560ರಿಂದ 32 ಮೆಗಾಬೈಟ್ ಬಿಡಲು ಮೆಮ್‌ಮ್ಯಾಪ್=32ಎಂ$0ಎಕ್ಸ್23000000. ಎರಡು ಕಡೆಯೂ ಒಂದಿಷ್ಟು ಅಂಚು ಬಿಟ್ಟಿದ್ದೇನೆ, ದುರ್ಬಲ ಕೋಶದ ನೆರೆಯವರೂ ಹೆಚ್ಚಾಗಿ ದುರ್ಬಲರೇ. ಚೀಟಿ ಎತ್ತುವ ಆ ಚಿಕ್ಕ ಪ್ರೋಗ್ರಾಂ ಕೂಡ ಈ ಟವೆಲ್ಲಿಗೆ ಮರ್ಯಾದೆ ಕೊಡುತ್ತದೆ, ಆದರೆ ನಾಲ್ಕು ಟವೆಲ್ಲಿನವರೆಗೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಭೌತಿಕ ಜಾಗ ಬದಲಿಸುವುದನ್ನೇ ಕೈಬಿಡುತ್ತದೆ. ನಾಲ್ಕು ಟವೆಲ್ ಬೇಕಾಗುವಷ್ಟು ತೂತಿದ್ದರೆ ಆ ಸ್ಟಿಕ್ಕನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವೂ ಇಲ್ಲ.

ಇದನ್ನು ಗ್ರಬ್ಬಿನ ಡೀಫಾಲ್ಟ್ ಕಡತದಲ್ಲಿ ಕಾಯಂ ಮಾಡುವಾಗ ಡಾಲರ್ ಚಿಹ್ನೆಯ ಹಿಂದೆ ಮೂರು ಬ್ಯಾಕ್‌ಸ್ಲ್ಯಾಶ್ ಇಡಬೇಕು. ಗ್ರಬ್ಬಿಗೆ ಡಾಲರ್ ಅಂದರೆ ಚರಾಂಶದ ಗುರುತು, ಕಾವಲಿಲ್ಲದಿದ್ದರೆ ನುಂಗಿಬಿಡುತ್ತದೆ. ಮೊದಲ ಸಲ ನಾನು ಒಂದೂ ಇಡಲಿಲ್ಲ. ಡಾಲರ್ ಹೋದ ಮೇಲೆ ಕರ್ನಲ್ಲಿಗೆ ಅರ್ಥವಾದದ್ದು ಮೆಮ್‌ಮ್ಯಾಪ್=32ಎಂ ಅಷ್ಟೇ. ಅದರ ಅರ್ಥ ಪೂರ್ತಿ ಬೇರೆ: ಈ ಸಿಸ್ಟಂನಲ್ಲಿ 32 ಮೆಗಾಬೈಟಿನ ಆಚೆ ಮೆಮೊರಿಯೇ ಇಲ್ಲ ಎಂದು ತಿಳಿದುಕೊ. ತಿಂಗಳಿಗೊಮ್ಮೆ ಏಳದಿದ್ದ ಸಿಸ್ಟಂ ಈಗ ಒಮ್ಮೆಯೂ ಏಳಲಿಲ್ಲ. ಇಂಥದ್ದಾದರೆ ಗಾಬರಿ ಬೇಡ, ಗ್ರಬ್ ಮೆನುವಿನಲ್ಲಿ ಇ ಒತ್ತಿ ಆ ಪದ ಅಳಿಸಿ ಎಬ್ಬಿಸಿಕೊಳ್ಳಿ. ಕಡತ ತಿದ್ದಿದ ಮೇಲೆ ಅಪ್‌ಡೇಟ್-ಗ್ರಬ್ ಕೊಡುವುದನ್ನು ಮರೆಯಬೇಡಿ.

ಸರಿಯಾಗಿ ಕೂತಿದೆಯೇ ಎಂದು ನೋಡಲು ಬೂಟ್ ಲಾಗ್ ತೋರಿಸುವ ಡಿಎಂಇಎಸ್‌ಜಿ‌ನಲ್ಲಿ ಬಳಕೆದಾರ ಕೊಟ್ಟ ಭೌತಿಕ ನಕ್ಷೆ ಎಂಬ ಅರ್ಥದ ಸಾಲು ಹುಡುಕಿ, ಅದರ ಕೆಳಗೆ ನಿಮ್ಮ ಜಾಗ ರಿಸರ್ವ್ಡ್ ಎಂದಿರಬೇಕು. ನಂತರ ಮತ್ತೆ ಆ ಕ್ರಾನ್ ಸರಪಳಿ ಹಚ್ಚಿ 100 ಬೂಟ್ ಮಾಡಿದೆ. ರೀಸೆಟ್ ಗುಂಡಿ ಮುಟ್ಟಲಿಲ್ಲ. ಪರೀಕ್ಷೆಯೂ ಸುಸೂತ್ರವಾಗಿ ಮುಗಿಯಿತು. ಲಿಂಕ್ಡ್ ಲಿಸ್ಟಿನ ಹುಡುಗಿಗೆ ಅವತ್ತಿನ ತಪ್ಪು ಅವಳದ್ದಲ್ಲ ಎಂದು ಹೇಳಿದೆ. "ನಾನು ಹೇಳಿದ್ನಲ್ಲ ಸಾರ್" ಅಂದಳು.

ಈ ದೋಷದಂತೆ ಕಾಣುವ ಬೇರೆಯವು

ಡಿಸ್ಕ್ ಅಥವಾ ಸಾಟಾ ಕೇಬಲ್: ಬೂಟ್ ಫೋಲ್ಡರಿನಲ್ಲಿರುವ ಕರ್ನಲ್ ಕಡತದ ಶಾ256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಅಂಕಿ) ಮೂರು ಸಲ ತೆಗೆಯಿರಿ, ನಡುವೆ ಪ್ರತಿ ಸಲ ಕ್ಯಾಷ್ ಖಾಲಿ ಮಾಡಿ. ಮೂರೂ ಒಂದೇ ಬಂದು, ಪಕ್ಕದ ಸಿಸ್ಟಂನ ಅದೇ ಆವೃತ್ತಿಯ ಕಡತಕ್ಕೆ ಹೊಂದದಿದ್ದರೆ ಡಿಸ್ಕಿನ ಮೇಲಿರುವ ಪ್ರತಿಯೇ ಕೆಟ್ಟಿದೆ. ಮೂರೂ ಬೇರೆ ಬೇರೆ ಬಂದರೆ ಓದುವ ದಾರಿಯಲ್ಲಿ ತೊಂದರೆ, ಅದು ಕೇಬಲ್ ಆಗಬಹುದು, ರ್‍ಯಾಮೂ ಆಗಬಹುದು.

ಕ್ರ್ಯಾಷ್‌ಕರ್ನಲ್ ಕಾದಿರಿಸಲಾಗಲಿಲ್ಲ ಎಂಬ ಸಂದೇಶ ರ್‍ಯಾಮ್ ದೋಷವಲ್ಲ. ಮೊದಲ ಕರ್ನಲ್ ಸತ್ತಾಗ ಏಳಬೇಕಾದ ಎರಡನೇ ಕರ್ನಲ್ಲಿಗೆ ಒಂದೇ ತುಂಡಿನ ಜಾಗ ಬೇಕು, ಟವೆಲ್‌ಗಳ ನಡುವೆ ಅಷ್ಟು ಉದ್ದದ ಬೆಂಚು ಸಿಕ್ಕಿಲ್ಲ ಅಂತ ಅದರ ಅರ್ಥ. ಲ್ಯಾಬ್ ಸಿಸ್ಟಂಗೆ ಅದು ಬೇಕಾಗಿಯೂ ಇಲ್ಲ, ತೆಗೆದುಬಿಡಿ.

ಹೊಸ ಸ್ಟಿಕ್ ಜೂನಿನಲ್ಲಿ ಬಂತು. ಹಳೆಯದರ ಮೇಲೆ ಮಾರ್ಕರಿನಲ್ಲಿ 565 ಎಂದು ಬರೆದು, ಯಾರೂ ಮತ್ತೆ ಬೇರೆ ಸಿಸ್ಟಂಗೆ ಹಾಕದಿರಲಿ ಅಂತ ಒಂದು ಮೂಲೆ ಕತ್ತರಿಸಿ ಡ್ರಾಯರಿಗೆ ಎಸೆದೆ. ರ್‍ಯಾಮ್ ಬದಲಿಸಿದ ದಿನವೇ ಗ್ರಬ್ಬಿನಿಂದ ಮೆಮ್‌ಮ್ಯಾಪ್ ಪದವನ್ನೂ ತೆಗೆಯಿರಿ. ನಾನು ಮರೆತೆ. ಎರಡು ತಿಂಗಳ ನಂತರ ಬೇರೇನೋ ನೋಡಲು ಐಒಮೆಮ್ ತೆರೆದಾಗ, ಹೊಚ್ಚ ಹೊಸ ಸ್ಟಿಕ್ಕಿನ ನಟ್ಟನಡುವೆ ನಮ್ಮ 32 ಮೆಗಾಬೈಟಿನ ಟವೆಲ್ ಹಾಗೇ ಬಿದ್ದಿತ್ತು.